ಎರಡು ಮನೆಗಳ ನಡುವೆ

ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಮಗಳು ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ಎರಡೂ ಕೈಯಿಂದ ತಿರುಗಿಸಿದಳು. ಪಟ್ಟೆಂದು ಬಿಚ್ಚಿಕೊಂಡಿತು, ಹುಳಿ ವಾಸನೆ ಮೂಗಿಗೆ ಬಡಿಯಿತು.

"ಅದನ್ನ ಯಾಕೆ ತೆಗೆಯೋಕೆ ಹೋದೆ? ನಾನು ಆಮೇಲೆ ತೊಳೀತಿದ್ದೆ," ಎಂದಳು ಚಿಕ್ಕಮ್ಮ. ರಕ್ತಸಂಬಂಧವೇನಿಲ್ಲ, ಪಕ್ಕದ ಮನೆಯವಳು. ಮಾತು ಬಂದಾಗಿನಿಂದ ಹಾಗೆ ಕರೆದು ರೂಢಿ. ನಿನ್ನೆ ಬೆಳಿಗ್ಗೆ ಇದೇ ಅಡುಗೆಮನೆಯ ನೆಲದ ಮೇಲೆ ಅಮ್ಮ ಬಿದ್ದಿದ್ದನ್ನು ಮೊದಲು ಕಂಡವಳು ಅವಳೇ. ಮೊನ್ನೆ ಸಂಜೆಯೇ ಜೀವ ಹೋಗಿದೆ, ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದ್ದರು.

"ಪಾಪ, ಊಟಕ್ಕೆ ಕೂರೋಕೆ ಹೊರಟಿದ್ದಳು ಅನ್ಸುತ್ತೆ. ಒಂದು ತುತ್ತೂ ಬಾಯಿಗೆ ಹೋಗಿಲ್ಲ. ಊರವರ ಹೊಟ್ಟೆ ತುಂಬಿಸಿ ತಾನು ಹಸ್ಕೊಂಡು ಹೋದಳು."

ಮಗಳು ಡಬ್ಬಿಯೊಳಗೆ ನೋಡಿದಳು. ಎಲ್ಲವನ್ನೂ ಒಟ್ಟಿಗೆ ಕಿವುಚಿ, ಒಂದು ಗಂಟೂ ಉಳಿಯದಂತೆ ಮೆತ್ತಗೆ ಮಾಡಿದ್ದ ಊಟ. ಅಮ್ಮನ ಹಲ್ಲು ಎಪ್ಪತ್ತರ ಹತ್ತಿರವೂ ಕಲ್ಲಿನಂತಿದ್ದವು. ಮೆತ್ತಗಿನ ಊಟ ಕಂಡರೆ 'ನಾನೇನು ಕಾಯಿಲೆ ಬಿದ್ದಿದೀನಾ?' ಎಂದು ತಟ್ಟೆ ದೂಡುತ್ತಿದ್ದಳು.

"ಚಿಕ್ಕಮ್ಮ, ಅಮ್ಮ ತನ್ನ ಮನೇಲಿ ಡಬ್ಬಿಯಲ್ಲಿ ಊಟ ಮಾಡ್ತಾಳಾ?"

ಚಿಕ್ಕಮ್ಮ ಬಟ್ಟೆ ಮಡಿಸುತ್ತಿದ್ದ ಕೈ ನಿಲ್ಲಿಸಿದಳು. "ನೀನು ಕೇಳಿದ ಮೇಲೆ ನೆನಪಾಯ್ತು. ಕಾಲಲ್ಲಿ ಚಪ್ಪಲಿ ಇತ್ತು ಕಣೇ. ನಾನೇ ಬಿಚ್ಚಿದೆ."

ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಬಂದವರ ಜನ್ಮ ಜಾಲಾಡುತ್ತಿದ್ದವಳು ಅಮ್ಮ. ಚಪ್ಪಲಿ ಬಿಚ್ಚಲೂ ಪುರುಸೊತ್ತಿಲ್ಲದೆ ಹೊರಗಿನಿಂದ ಬಂದಿದ್ದಾಳೆ, ಊಟ ಕಲೆಸಿದ್ದಾಳೆ, ಮತ್ತೆ ಹೊರಡುವವಳಿದ್ದಳು. ಮಗಳಿಗೆ ಅಷ್ಟು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಲ್ಲಿಲ್ಲದ ಯಾರೋ ಎಲ್ಲೋ ಈ ಡಬ್ಬಿಗಾಗಿ ಕಾಯುತ್ತಿದ್ದರು. ಮೊನ್ನೆ ಸಂಜೆಯಿಂದ ಕಾಯುತ್ತಿದ್ದರು.

ಹೊರಗಿನ ಕೋಣೆಯಿಂದ ಯಾರೋ ಗಟ್ಟಿಯಾಗಿ ಅತ್ತ ಸದ್ದು ಬಂತು. ಚಿಕ್ಕಮ್ಮ ಡಬ್ಬಿಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ಊಟವನ್ನು ಕಸದ ಬುಟ್ಟಿಗೆ ಸುರಿದಳು.

"ಹೋಗು, ಅಮ್ಮನ ಹತ್ರ ಕೂತ್ಕೋ. ಗಾಡಿ ಬರೋ ಹೊತ್ತಾಯ್ತು," ಎಂದಳು.

*

ಅಮ್ಮ ಬೀದಿಗೆಲ್ಲ ಅಕ್ಕ. ಹೆಂಗಸಿಗೆ ಹೆರಿಗೆಯಾದರೆ ಅಕ್ಕ, ಮುದುಕರು ಹಾಸಿಗೆ ಹಿಡಿದರೆ ಅಕ್ಕ, ಆಪರೇಷನ್ ಆದವರಿಗೆ ರಾತ್ರಿ ಪಕ್ಕದಲ್ಲಿ ಕೂರಲು ಅಕ್ಕ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ನಿವೃತ್ತಿಯಾದ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದು, ಹಾರವನ್ನು ಗೂಟಕ್ಕೆ ಸಿಕ್ಕಿಸಿ, ಎದುರು ಮನೆಯ ಮುದುಕಿಗೆ ಸ್ನಾನ ಮಾಡಿಸಲು ಹೋದಳಂತೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತನ್ನು ಮಗಳು ಶಾಲೆಯಲ್ಲಿ ಕಲಿತು, ಒಂದು ದಿನ ಅಮ್ಮನ ಮುಖಕ್ಕೆ ಎಸೆದಿದ್ದಳು. ಆ ದಿನ ಅವಳಿಗೆ ಜ್ವರ. ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿ, 'ಬಂದೆ, ಒಂದು ಗಳಿಗೆ,' ಎಂದು ಯಾರದೋ ಮನೆಗೆ ಓಡಿದ್ದಳು. ಗಳಿಗೆ ಸಂಜೆಯಾಯಿತು. ಹಿಂದಿರುಗಿದವಳ ಕೈಯಿಂದ ಬೇರೆಯವರ ಮನೆಯ ಡೆಟಾಲಿನ ವಾಸನೆ ಬರುತ್ತಿತ್ತು.

"ನಿನಗೆ ನಾನಿದೀನಿ ಕಣೇ. ಅವರಿಗೆ ಯಾರಿದಾರೆ?" ಎಂದಿದ್ದಳು ಅಮ್ಮ, ಬೈಸಿಕೊಂಡ ಮೇಲೆ.

'ನೀನಿದ್ದೆಯಾ?' ಎಂದು ಕೇಳಬೇಕೆಂದು ಮಗಳು ಆಗಿನಿಂದ ಕಾದಿದ್ದಳು. ದೊಡ್ಡವಳಾಗಿ, ಬೇರೆ ಊರಿನ ಬೇಕರಿಯಲ್ಲಿ ಒಲೆಯ ಮುಂದೆ ನಿಂತು ದುಡಿಯುವವಳಾದರೂ ಕಾದಿದ್ದಳು. ಇನ್ನು ಕೇಳುವ ಹಾಗಿಲ್ಲ. ಆ ಸಿಟ್ಟಿಗೆ ಅವಳಿಗೆ ನಿನ್ನೆಯಿಂದ ಅಳುವೂ ಸರಿಯಾಗಿ ಬಂದಿರಲಿಲ್ಲ.

*

ಕೋಣೆಯಲ್ಲಿ ಜನ ಒತ್ತಾಗಿ ನಿಂತಿದ್ದರು. ಐಸ್ ಪೆಟ್ಟಿಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮಗಳು ಅಮ್ಮನ ತಲೆಯ ಬಳಿ ಕುಳಿತು, ಹತ್ತಿರದಲ್ಲಿದ್ದ ನಿವೃತ್ತ ಮೇಷ್ಟ್ರನ್ನು ಮೆಲ್ಲಗೆ ಕೇಳಿದಳು, "ಮೇಷ್ಟ್ರೇ, ಅಮ್ಮ ಈಚೆಗೆ ಯಾರನ್ನ ನೋಡ್ಕೋತಿದ್ದಳು?"

"ಈಚೆಗೆ ಯಾರನ್ನೂ ಇಲ್ಲಮ್ಮ. ಮಂಡಿ ನೋವು ಅಂತ ಎಲ್ಲ ಬಿಟ್ಟಿದ್ದಳು," ಎಂದರು ಮೇಷ್ಟ್ರು. "ದರ್ಜಿ ಅಜ್ಜನ ಸಾಗಾಣಿಕೆ ಒಂದನ್ನು ಬಿಟ್ಟು."

"ಅದು ಇನ್ನೂ ನಡೀತಿತ್ತಾ?"

"ನಡೀದೆ ಇರುತ್ತಾ? ಒಂದು ತಿಂಗಳು ದೊಡ್ಡ ಮಗನ ಮನೆ, ಒಂದು ತಿಂಗಳು ಚಿಕ್ಕ ಮಗನ ಮನೆ. ಆ ಇಬ್ಬರೂ ಒಬ್ಬರ ಹೊಸಿಲು ಒಬ್ಬರು ತುಳಿಯಲ್ಲ. ತಿಂಗಳ ಕೊನೆಗೆ ಮುದುಕನ್ನ ಅಲ್ಲಿಂದಿಲ್ಲಿಗೆ ನಡೆಸ್ಕೊಂಡು ಹೋಗೋಕೆ ನಿಮ್ಮಮ್ಮನೇ ಆಗಬೇಕಿತ್ತು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತಾರೆ. ಇವಳಿಗೆ ಮಂಡಿ ನೋವು."

ಮೇಷ್ಟ್ರು ತಾವೇ ಹೇಳಿದ ಮಾತಿಗೆ ಅರ್ಧ ನಕ್ಕು, ಎಲ್ಲಿದ್ದೇನೆಂದು ನೆನಪಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

ಆ ಇಬ್ಬರು ಮಕ್ಕಳೂ ಬಂದಿದ್ದರು. ಎಣ್ಣೆ ಸೀಗೆಕಾಯಿಯ ಹಾಗಿದ್ದವರು. ಒಂದೇ ಬಸ್ಸಿನಲ್ಲಿ ಬಂದರೂ ಬೇರೆ ಬೇರೆ ಬಾಗಿಲಲ್ಲಿ ಇಳಿಯುವ ಜಾತಿ. ಗಡಿಯಾರ ರಿಪೇರಿ ಮಾಡುವ ಅಣ್ಣ ಕಿಟಕಿಯ ಬಳಿ, ಬಣ್ಣದಂಗಡಿಯ ತಮ್ಮ ಹೊರಗೆ ಮೆಟ್ಟಿಲ ಬಳಿ. ಮಗಳು ಎದ್ದು ಕಿಟಕಿಯ ಹತ್ತಿರ ಹೋದಳು.

"ನಿಮ್ಮಪ್ಪ ಹೇಗಿದಾರೆ?"

"ಇದಾರಮ್ಮ. ಈಗ ತಮ್ಮನ ಮನೇಲಿದಾರೆ, ನನ್ನ ಸರದಿ ಮುಗೀತಲ್ಲ. ಮೊನ್ನೆ ಸಂಜೆ ನಿಮ್ಮಮ್ಮನೇ ಬಂದು ಕರ್ಕೊಂಡು ಹೋದಳು. ನನ್ನ ಹೆಂಡತಿ ಜೊತೆ ನಗ್ತಾ ಮಾತಾಡಿದಳು. ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?" ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿದ್ದವು. "ನಮ್ಮ ಪಾಲಿಗೆ ತಾಯಿ ಅವಳು."

ಮಗಳು ಜನರನ್ನು ಸರಿಸಿಕೊಂಡು ಮೆಟ್ಟಿಲಿಗೆ ಬಂದಳು. ತಮ್ಮ ಕೈ ಮುಗಿದ.

"ಅಪ್ಪಾನಾ? ಅಣ್ಣನ ಮನೇಲಿದಾರಲ್ಲ. ಮೊನ್ನೆ ರಾತ್ರಿ ಅಕ್ಕ ಕರ್ಕೊಂಡು ಬರಬೇಕಿತ್ತು, ಬರಲಿಲ್ಲ. ಬೆಳಿಗ್ಗೆ ನೋಡಿದರೆ ಈ ಸುದ್ದಿ." ದನಿ ತಗ್ಗಿಸಿದ. "ಒಂದೆರಡು ದಿನ ಹೆಚ್ಚಿಗೆ ಅಲ್ಲೇ ಇರಲಿ ಬಿಡಿ, ಅವರಿಗೇನು ನಷ್ಟ? ಇದೆಲ್ಲ ಮುಗೀಲಿ ಅಂತ ಸುಮ್ಮನಿದೀನಿ."

"ಫೋನ್ ಮಾಡಿ ಕೇಳಿದ್ರಾ?"

"ಅವನಿಗೆ ನಾನು ಫೋನ್ ಮಾಡೋದಾ?" ಎಂದ ತಮ್ಮ, ಅವಳೇನೋ ಕೆಟ್ಟ ಮಾತಾಡಿದಳು ಎನ್ನುವಂತೆ.

ಅಣ್ಣನ ಮನೆಯಿಂದ ಹೊರಟ ಮುದುಕ ತಮ್ಮನ ಮನೆ ಸೇರಿಲ್ಲ. ನಡುವೆ ಅಮ್ಮ ಒಬ್ಬಳೇ ಇದ್ದಳು, ಅವಳು ಈಗ ಐಸ್ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ.

*

ಕಳೆದ ಸಲ ಮಗಳು ಊರಿಗೆ ಬಂದಾಗಲೂ ತಿಂಗಳ ಕೊನೆಯಾಗಿತ್ತು. ಅಮ್ಮ ಅಜ್ಜನ ಕೈ ಹಿಡಿದು ಮುಂದೆ, ಮಗಳು ಅವನ ಬಟ್ಟೆಯ ಚೀಲ ಹಿಡಿದು ಗೊಣಗುತ್ತ ಹಿಂದೆ. ತಮ್ಮನ ಮನೆಯ ದಾರಿ ಬಿಟ್ಟು ಅಮ್ಮ ಹಿಟ್ಟಿನ ಗಿರಣಿಯ ಓಣಿಗೆ ತಿರುಗಿದಳು. ಗಿರಣಿಗೆ ಅಂಟಿಕೊಂಡೇ ಅಜ್ಜನ ಹಳೆಯ ಹೊಲಿಗೆ ಅಂಗಡಿ. ವರ್ಷಗಳಿಂದ ಮುಚ್ಚಿದ್ದು, ಪಾಲಾಗದೆ ಉಳಿದದ್ದು. ಅಮ್ಮ ಶಟರ್ ಎತ್ತಿ, ಅಜ್ಜನನ್ನು ಮಿಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಮುಖ ಒರೆಸಿ ತಲೆ ಬಾಚಿದಳು. ಅಜ್ಜ ಅಲ್ಲಿ ಕೂತೊಡನೆ ಬೆನ್ನು ನೆಟ್ಟಗೆ ಮಾಡಿದ.

"ಹೊರಡೋ ದಿನ ಸಂಜೆ ದೊಡ್ಡ ಸೊಸೆ ಊಟ ಹಾಕಲ್ಲ, ಸರದಿ ಮುಗೀತು ಅಂತಾಳೆ," ಎಂದಳು ಅಮ್ಮ. "ಚಿಕ್ಕವಳು ನಾಳೆ ಬೆಳಿಗ್ಗೆಯಿಂದ ನನ್ನ ಲೆಕ್ಕ ಅಂತಾಳೆ. ಆ ಒಂದು ಹೊತ್ತಿನ ಊಟ ಎರಡು ಮನೆ ನಡುವೆ ಬಿದ್ದು ಹೋಗ್ತಿತ್ತು. ಇಲ್ಲಿ ಕೂತರೆ ಸಮಾಧಾನವಾಗಿ ಉಣ್ತಾರೆ. ನಮ್ಮನೆಗೆ ಹೋಗಿ ತರ್ತೀನಿ, ನಡಿ."

ಹೊರಬಂದವಳೇ ಶಟರನ್ನು ಪೂರ್ತಿ ಎಳೆದು ಹೊರಗಿನಿಂದ ಚಿಲಕ ಹಾಕಿದಳು.

"ಮನುಷ್ಯರನ್ನ ಹೀಗೆ ಕೂಡಿಹಾಕ್ತಾರೇನಮ್ಮ?"

"ಅವರಿಗೆ ಮರೆವು ಕಣೇ, ತೆರೆದಿಟ್ಟರೆ ದೊಡ್ಡ ರಸ್ತೆಗೆ ಹೋಗಿ ಲಾರಿ ಕೆಳಗೆ ಸಿಕ್ಕೋತಾರೆ. ಒಂದು ಗಳಿಗೆ ಅಷ್ಟೇ. ಯಾರ ಹತ್ರಾನೂ ಬಾಯಿ ಬಿಡಬೇಡ. ಅಂಗಡಿ ತೆಗೆದಿದ್ದು ಗೊತ್ತಾದ್ರೆ ಅದು ಯಾರ ಪಾಲು ಅಂತ ಇಬ್ಬರೂ ಹೊಡೆದಾಡ್ತಾರೆ."

ಮಗಳು ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಆ ಮುದುಕನ ಗೊಡವೆಯೇ ಬೇಕಿರಲಿಲ್ಲ.

*

ಗಿರಣಿಯವನು ಗೇಟಿನ ಬಳಿ ಹೂವಿನ ಬುಟ್ಟಿ ಇಳಿಸುತ್ತಿದ್ದ. ಮಗಳು ಅವನ ತೋಳು ಹಿಡಿದಳು.

"ನಿಮ್ಮ ಪಕ್ಕದ ಅಂಗಡಿಯಿಂದ ಏನಾದ್ರೂ ಸದ್ದು ಬಂತಾ? ನಿನ್ನೆ, ಮೊನ್ನೆ?"

"ಗಿರಣಿ ಓಡ್ತಿದ್ರೆ ನನ್ನ ಹೆಂಡತಿ ಬೈಗುಳಾನೇ ಕೇಳಿಸಲ್ಲಮ್ಮ, ಇನ್ನು..."

"ಇವತ್ತು?"

"ಇವತ್ತು ಬಾಗಿಲೇ ತೆಗೆದಿಲ್ಲ. ಅಕ್ಕನಿಗೋಸ್ಕರ ಇಡೀ ಓಣಿ ಮುಚ್ಚಿದೀವಿ," ಎಂದ ಅವನು, ಅವಳಿಗೆ ಸಮಾಧಾನವಾಗಲಿ ಎಂದು.

ಅಷ್ಟರಲ್ಲಿ ಶವದ ಗಾಡಿ ಹಿಮ್ಮುಖವಾಗಿ ಬೀದಿಗೆ ಬಂತು. ಒಳಗೆ ಪೆಟ್ಟಿಗೆಯ ಪ್ಲಗ್ ಕಿತ್ತರು. ಗುಂಯ್‌ಗುಡುವುದು ನಿಂತು, ಜನ ಒಮ್ಮೆಲೇ ಮೌನವಾದರು. ಆ ಮೌನದಲ್ಲಿ ಮಗಳು ಎಲ್ಲರಿಗೂ ಕೇಳುವಂತೆ ಅಣ್ಣತಮ್ಮಂದಿರಿಗೆ ಹೇಳಿದಳು, ಅವರಪ್ಪ ಇಬ್ಬರ ಮನೆಯಲ್ಲೂ ಇಲ್ಲವೆಂದು, ಎಲ್ಲಿರಬಹುದೆಂದು.

ಅಣ್ಣ ಕಿಟಕಿಯಿಂದ ಈಚೆ ಬಂದ. "ಮನೆಗೆ ಬರಲಿಲ್ಲ ಅಂದ ಮೇಲೆ ಇವನು ಕೇಳಬೇಕೋ ಬೇಡವೋ?" ಎಂದು ಮಗಳನ್ನೇ ಕೇಳಿದ.

"ಕಳಿಸಿದವರು ಮುಟ್ಟಿದರಾ ಅಂತ ವಿಚಾರಿಸಬೇಕಿತ್ತು ಅಂತ ಹೇಳಿ ಅವರಿಗೆ," ಎಂದ ತಮ್ಮ, ಅವನೂ ಮಗಳಿಗೇ.

"ನನ್ನ ಸರದಿ ಮುಗಿದಿತ್ತು."

"ನನ್ನದು ಶುರುವೇ ಆಗಿರಲಿಲ್ಲ."

ಮಗಳಿಗೆ ಅವರಿಬ್ಬರ ಮುಖವೂ ಸರಿಯಾಗಿ ಕಾಣಿಸಲಿಲ್ಲ. ಅವಳ ತಲೆಯಲ್ಲಿ ಚಿಲಕ ಹಾಕುವ ಅಮ್ಮನ ಕೈ ಒಂದೇ ಇತ್ತು. ಜೀವಮಾನವಿಡೀ ಪರರನ್ನು ಉಳಿಸಿದ ಕೈ. ಆ ಶಟರಿನ ಹಿಂದೆ ಮುದುಕ ಸತ್ತಿದ್ದರೆ ನಾಳೆಯಿಂದ ಬೀದಿಯಲ್ಲಿ ಆ ಕೈಯ ಹೆಸರೇ ಬೇರೆ. ಬೀದಿ ಹಾಳಾಗಲಿ, ತಾನು ಅಮ್ಮನನ್ನು ಇನ್ನು ಹೇಗೆ ನೆನೆಯುವುದು? ಅವಳು ಗೇಟು ತಳ್ಳಿದಳು.

"ಎಲ್ಲಿಗೇ?" ಚಿಕ್ಕಮ್ಮ ಅವಳ ರೆಟ್ಟೆ ಹಿಡಿದಳು. "ಹೆಣ ಎತ್ತೋ ಹೊತ್ತಲ್ಲಿ ಇರೋಳು ಒಬ್ಬಳೇ ಮಗಳು, ನೀನೇ ಹೊರಟರೆ? ಬೇರೆ ಯಾರಾದ್ರೂ ಹೋಗ್ತಾರೆ."

ಮಗಳು ಸುತ್ತ ನೋಡಿದಳು. ಎಲ್ಲರೂ ಆ 'ಬೇರೆ ಯಾರಾದರೂ' ಎನ್ನುವವನನ್ನು ಹುಡುಕುವಂತೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಒಂದು ಗಳಿಗೆ ಚಿಕ್ಕಮ್ಮ, ಬಂದೆ," ಎಂದಳು. ಹೇಳಿದ ಮೇಲೆ ಅದು ಯಾರ ಮಾತೆಂದು ತಿಳಿಯಿತು. ಓಡಿದಳು.

*

ಗಿರಣಿಯ ಓಣಿ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬಿಕೋ ಎನ್ನುತ್ತಿತ್ತು. ಎಲ್ಲ ಬಾಗಿಲೂ ಮುಚ್ಚಿದ್ದವು. ನೆಲದ ಮೇಲಿನ ಹಿಟ್ಟಿನ ಪುಡಿಯಲ್ಲಿ ಇರುವೆಗಳು ಸಾಲುಗಟ್ಟಿ ಶಟರಿನ ಕೆಳಗೆ ನುಗ್ಗುತ್ತಿದ್ದವು. ಮಗಳು ಅದನ್ನು ನೋಡಬಾರದಿತ್ತು ಎಂದುಕೊಂಡಳು.

ಚಿಲಕ ಹಾಕಿತ್ತು. ಅವಳು ಕಾದ ತಗಡಿಗೆ ಕಿವಿ ಇಟ್ಟಳು.

"ಅಜ್ಜಾ."

ಏನೂ ಇಲ್ಲ. ಇನ್ನೊಮ್ಮೆ ಕರೆದಳು, ಅಂಗೈಯಿಂದ ಬಡಿದಳು. ತಗಡಿನ ಸದ್ದು ಓಣಿಯ ತುದಿಯವರೆಗೆ ಹೋಗಿ ಸತ್ತಿತು. ಚಿಲಕ ಎಳೆದಳು. 'ಅಮ್ಮ, ನೀನು ಹೀಗೆ ಮಾಡಿರಬೇಡ,' ಎಂದು ಗಟ್ಟಿಯಾಗಿಯೇ ಹೇಳಿ ಶಟರ್ ಎತ್ತಿದಳು.

ಮೊದಲು ವಾಸನೆ ಬಂತು, ಹೊಲಸಿನದು, ಬೆವರಿನದು. ಆಮೇಲೆ ಹೊಲಿಗೆ ಮಿಷಿನ್ನು, ಖಾಲಿ ಸ್ಟೂಲು. ಮೂಲೆಯಲ್ಲಿ ಚಿಂದಿ ಬಟ್ಟೆಯ ರಾಶಿ. ನೀರಿನ ಬಾಟಲಿ ಉರುಳಿ ಬಿದ್ದಿತ್ತು. ಶಟರಿನ ಪಕ್ಕದ ಗೋಡೆಯಲ್ಲಿ ಮನುಷ್ಯನ ಎದೆಯೆತ್ತರಕ್ಕೆ ಧೂಳು ಅಳಿಸಿ ಹೋಗಿತ್ತು, ಅಂಗೈಗಳ ಗುರುತು ಒಂದರ ಮೇಲೊಂದು.

ಚಿಂದಿಯ ರಾಶಿ ಅಲುಗಿತು.

ಅವಳು ಮಂಡಿಯೂರಿ ಬಟ್ಟೆಗಳನ್ನು ಕಿತ್ತೆಸೆದಳು. ಅಜ್ಜನ ತುಟಿ ಬಿರುಕು ಬಿಟ್ಟಿತ್ತು, ಕಣ್ಣು ಬೆಳಕಿಗೆ ಮುಚ್ಚಿಕೊಂಡಿತ್ತು. ಎದೆ ಮೇಲೆ ಕೆಳಗೆ ಆಡುತ್ತಿತ್ತು. ಮಗಳಿಗೆ ಆಗ ಅಳು ಬಂತು, ನಿನ್ನೆಯಿಂದ ಬಾರದ ಅಳು. ಅಮ್ಮ ಯಾರನ್ನೂ ಕೊಂದಿಲ್ಲ. ಅಷ್ಟು ಸಾಕು ಎನಿಸಿತು. ಗಿರಣಿಯ ಮುಂದಿನ ನಲ್ಲಿಗೆ ಓಡಿ ಬೊಗಸೆಯಲ್ಲಿ ನೀರು ತಂದಳು. ಅರ್ಧ ದಾರಿಯಲ್ಲೇ ಸೋರಿತು. ಉಳಿದದ್ದನ್ನು ತುಟಿಗೆ ಹಿಡಿದಳು.

ಅಜ್ಜ ಕುಡಿದ. ನಾಲಿಗೆಯಿಂದ ಅವಳ ಅಂಗೈಯನ್ನೂ ನೆಕ್ಕಿದ.

"ಬಂದೆಯಾ ಅಕ್ಕ," ಎಂದ. "ತಡ ಮಾಡಿದೆ."

ನಾನು ಅಕ್ಕ ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ಓಣಿಯಲ್ಲಿ ಕಾಲಸಪ್ಪಳ ಕೇಳಿತು. ಅಣ್ಣ ಶಟರಿನ ಈ ಬದಿಯಲ್ಲಿ, ತಮ್ಮ ಆ ಬದಿಯಲ್ಲಿ, ಇಬ್ಬರೂ ಏದುಸಿರು ಬಿಡುತ್ತ ಬಂದು ನಿಂತರು. ಇಬ್ಬರ ನೆರಳೂ ಒಳಗೆ ಬಿದ್ದವು. ಯಾರೂ ಹೆಜ್ಜೆ ಒಳಗಿಡಲಿಲ್ಲ. ದೂರದಲ್ಲಿ ಗಾಡಿಯ ಹಾರನ್ ಕೂಗಿತು, ಸ್ವಲ್ಪ ಬಿಟ್ಟು ಮತ್ತೆ ಕೂಗಿತು.

"ಬನ್ನಿ, ಹಿಡ್ಕೊಳ್ಳಿ," ಎಂದಳು ಮಗಳು. "ನಾನು ಹೋಗಬೇಕು. ನಮ್ಮಮ್ಮನ್ನ ತಗೊಂಡು ಹೋಗ್ತಿದಾರೆ."

ಅವರು ಒಬ್ಬರನ್ನೊಬ್ಬರು ನೋಡಿದರು. ಅವಳು ಏಳಲು ಹೋದಳು. ಅಜ್ಜನ ಬೆರಳುಗಳು ಅವಳ ಮಣಿಕಟ್ಟನ್ನು ಸುತ್ತಿಕೊಂಡಿದ್ದವು, ಆ ದೇಹದಲ್ಲಿ ಉಳಿದ ಬಲವೆಲ್ಲ ಅಲ್ಲೇ ಇತ್ತು. ಹಾರನ್ ಇನ್ನೊಮ್ಮೆ ಕೂಗಿ, ಗಾಡಿ ಹೊರಟ ಸದ್ದು ಸಣ್ಣದಾಗುತ್ತ ಹೋಯಿತು. ಅಜ್ಜ ಕಣ್ಣು ಮುಚ್ಚಿಕೊಂಡೇ ಮುಖವನ್ನು ಅವಳತ್ತ ಎತ್ತಿದ. ಊಟಕ್ಕೆ ಬಾಯಿ ತೆರೆದ.