ನರಸಯ್ಯನ ಗುರುವಾರ

೧

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ? ೧೮೯೦ರ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಯೊಬ್ಬನ ಬಗ್ಗೆ ಬರೆಯಲು ಕೂತೆ. ಮೂರನೇ ಸಾಲಿಗೇ ಅವನ ತಲೆಯ ಮೇಲೆ ಕರೆಂಟು ಫ್ಯಾನು ತಿರುಗಿತು. ಹರಿದು ಹಾಕಿದೆ. ಎರಡನೇ ಸಲ ಅವನು ಬಸ್ಸು ಹತ್ತಿದ. ಅದನ್ನೂ ಹರಿದೆ. (ನನ್ನ ಇತಿಹಾಸ ಜ್ಞಾನ ಇಷ್ಟೇ, ನಗಬೇಡಿ.) ಕೊನೆಗೆ ಈ ತಲೆನೋವನ್ನು ಖುರ್ಷಿದಾ ಎಂಬ ಇನ್ನೊಂದು ಪಾತ್ರದ ತಲೆಗೆ ಕಟ್ಟಿದೆ.

೨

ಖುರ್ಷಿದಾ ೧೯೮೮ರಲ್ಲಿ ರಾಮನಗರದಲ್ಲಿ ಬಿ.ಎ. ಓದುವ ಹುಡುಗಿ. ಅಪ್ಪ ರಸೂಲ್ ರೇಷ್ಮೆ ನೂಲು ಬಿಚ್ಚುವವನು. ಮನೆಗೆ ರೇಷ್ಮೆಗೂಡು ಬಂತೆಂದರೆ ಬಿಚ್ಚಲು ಅವಳೂ ಕೂರಬೇಕು, ಕಾಲೇಜಿಗೆ ಚಕ್ಕರ್. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಎಳೆ ಸಿಗುವುದಿಲ್ಲ. ಹೀಗಾಗಿ ಅವಳ ಹಾಜರಿ ಕಡಿಮೆ. ಹಾಜರಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಪರೀಕ್ಷೆ ತಪ್ಪಿದರೆ ಓದು ಬಂದ್ ಎಂದು ಅಪ್ಪ ಮೊದಲೇ ಹೇಳಿದ್ದಾನೆ.

ಇತಿಹಾಸದ ಮೇಷ್ಟ್ರು ಮುನಿಶಾಮಯ್ಯ ಒಂದು ದಾರಿ ತೋರಿಸಿದ್ದರು. "ನೂರು ವರ್ಷದ ಹಿಂದೆ ಕಾಲೇಜು ಹುಡುಗ್ರು ಹೆಂಗಿದ್ರು ಅಂತ ಸೋಮವಾರ ಬರ್ಕೊಂಡ್ ಬಾ. ಚೆನ್ನಾಗಿದ್ರೆ ಪ್ರಿನ್ಸಿಪಾಲ್ರ ಹತ್ರ ನಾನ್ ಮಾತಾಡ್ತೀನಿ ಕಣಮ್ಮ."

೩

ಅವಳು ಮಾಗಡಿಯ ನರಸಯ್ಯನನ್ನು ಹುಟ್ಟಿಸಿದಳು. ಬಡ ಬ್ರಾಹ್ಮಣರ ಹುಡುಗ, ಎಫ್.ಎ., ಅಂದರೆ ಆಗಿನ ಇಂಟರ್‌ಮೀಡಿಯೆಟ್, ಓದಲು ಬೆಂಗಳೂರಿಗೆ ಹೋದವನು. ಊಟಕ್ಕೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹಾಗೂ ಹೀಗೂ ಆರು ಮನೆ ಸಿಕ್ಕವು. ಗುರುವಾರಕ್ಕೆ ಯಾರೂ ಸಿಗಲಿಲ್ಲ.

ನನಗೆ ಸಂಕಟವಾಯಿತು. ನಡುವೆ ಬಾಯಿ ಹಾಕಿದೆ. "ಗುಲ್ಜಾರ್ ಬೀ ಅಂತ ಒಬ್ಬಳು ಅಜ್ಜಿ ಕರೆದು ಊಟ ಹಾಕಲಿ. ಓದುಗರ ಕಣ್ಣು ಒದ್ದೆಯಾಗುತ್ತೆ."

"ಆ ಕಾಲ್ದಲ್ಲಿ ಅವ್ನು ನಮ್ಮೋರ ಮನೇಲಿ ಉಣ್ತಿದ್ನಾ ಸಾರ್? ಸುಳ್ಳು ಬರೀಬ್ಯಾಡಿ," ಎಂದಳು ಖುರ್ಷಿದಾ.

"ಹೋಗಲಿ, ಮುಂದೆ ಅಮಲ್ದಾರನಾಗಲಿ."

"ಆಗ್ಲಿ. ಈ ಗುರುವಾರ ಏನ್ ಉಣ್ತಾನೆ?"

ಅವಳು ಗುರುವಾರದ ಜಾಗ ಖಾಲಿ ಬಿಟ್ಟು ಮುಂದೆ ಬರೆದಳು.

೪

ಭಾನುವಾರ ಬೆಳಿಗ್ಗೆ ರಸೂಲ್ ಗೂಡಿನ ಮೂಟೆ ಇಳಿಸಿದ.

"ಏಳು ಬೇಟಿ, ಗೂಡು ಬಂದೈತೆ. ಇವತ್ತೇ ಬಿಚ್ಚದಿದ್ರೆ ತೂತ್ ಬಿದ್ಬುಡ್ತದೆ."

"ಅಬ್ಬಾಜಾನ್, ನಾಳೆ ಇದನ್ನ ಮೇಷ್ಟ್ರಿಗೆ ಕೊಡ್ಬೇಕು. ಒಸಿ ತಡಿ."

"ನಿನ್ ನರಸಯ್ಯ ಕಾಯ್ತಾನೆ. ಹುಳ ಕಾಯ್ತದಾ?"

ಖುರ್ಷಿದಾ ಎದ್ದಳು. ಸಂಜೆಯವರೆಗೂ ಬಿಸಿನೀರಿಗೆ ಕೈಹಾಕಿ ಗೂಡುಗಳ ಎಳೆ ಹುಡುಕಿದಳು. (ಈ ಭಾಗವನ್ನು ಹೊಡೆದುಹಾಕೋಣ ಎನಿಸಿತು. ಹೊಡೆದುಹಾಕಿದರೆ ಅವಳ ಬೆರಳುರಿ ನಿಲ್ಲುತ್ತದೆಯೇ?)

೫

ಸೋಮವಾರ ಮುನಿಶಾಮಯ್ಯ ಹಾಳೆಗಳನ್ನು ನಿಧಾನವಾಗಿ ಓದಿದರು.

"ಗುರುವಾರದ್ದು ಖಾಲಿ ಬುಟ್ಟಿದ್ದೀಯಲ್ಲಮ್ಮ. ಅವತ್ತು ಏನ್ ಮಾಡ್ದ ಇವ್ನು?"

ಖುರ್ಷಿದಾ ಬೆಂದ ಬೆರಳುಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

"ಹಸ್ಕೊಂಡೇ ಕ್ಲಾಸಿಗೆ ಬಂದ ಸಾರ್. ಹೊಟ್ಟೆಗಿಲ್ದಿದ್ರೂ ಅವ್ನು ಬರ್ಬೋದಿತ್ತು. ಗೂಡು ಬಂದ್ರೆ ನಾನು ಬರಕ್ಕಾಗಲ್ಲ. ನಂಗೆ ಓದ್ಬೇಕು ಸಾರ್."

ಮೇಷ್ಟ್ರು ಹಾಜರಿ ಪುಸ್ತಕ ಎಳೆದುಕೊಂಡು ಪೆನ್ನಿನ ಕ್ಯಾಪು ತೆಗೆದರು.

೬

ಮುಕ್ತಾಯ ಒಂದು: ಮೇಷ್ಟ್ರ ಮನಸ್ಸು ಕರಗುತ್ತದೆ. ಮುಕ್ತಾಯ ಎರಡು: ರೂಲ್ಸ್ ಅಂದರೆ ರೂಲ್ಸ್ ಎನ್ನುತ್ತಾರೆ. ನನಗಂತೂ ಮೊದಲನೆಯದೇ ಇಷ್ಟ. ಬರೆದುಬಿಡಲೇ ಎಂದು ಖುರ್ಷಿದಾಳನ್ನು ಕೇಳಿದೆ.

"ಬ್ಯಾಡಿ ಸಾರ್. ನೀವು ಬರೆದ್ರೆ ಪಾಸಾಗೋದು ನಿಮ್ ಕಥೆ. ಹಾಲ್ ಟಿಕೆಟ್ ಬೇಕಾಗಿರೋದು ನಂಗೆ."

ನಾನು ಪೆನ್ನು ಕೆಳಗಿಟ್ಟೆ. ಮುನಿಶಾಮಯ್ಯನವರು ಇನ್ನೂ ಇಟ್ಟಿಲ್ಲ.