ಪಟ್ಟಿಯಕ್ಕನ ಅಳತೆ

"ಎಡಕ್ಕೆ, ಎಡಕ್ಕೆ! ನಿನ್ನ ಎಡಕ್ಕಲ್ಲ ಪುಣ್ಯಾತ್ಮ, ನನ್ನ ಎಡಕ್ಕೆ!"

ಮೆಟ್ಟಿಲಿನ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮೇಲೆ ಇಬ್ಬರು, ಕೆಳಗೆ ಇಬ್ಬರು, ನಾಲ್ವರಿಗೂ ನಾಲ್ಕು ಎಡ. ಗೋಡೆಗೆ ಅಂಟಿಕೊಂಡು ನಿಂತಿದ್ದ ಲೆಕ್ಕದಮ್ಮ ತಾನೂ ಒಂದು ಮೂಲೆಗೆ ಭುಜ ಕೊಟ್ಟಳು. ಗೋಡೆಯ ಸುಣ್ಣ ಉದುರಿ ಅವಳ ಹೆಗಲ ಮೇಲೆ ಬಿತ್ತು.

"ಇರೋ ತನಕ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದೋಳು," ಮೂರನೇ ಮಹಡಿಯ ಅಜ್ಜಿ ಮೇಲಿನಿಂದ ಬಗ್ಗಿ ನೋಡುತ್ತ ಹೇಳಿದಳು, "ಈಗ ನೋಡಿ, ಇಳಿಯಲ್ಲ ಅಂತ ಹಟ ಹಿಡಿದಿದ್ದಾಳೆ."

ಯಾರೋ ಕಿಸಕ್ಕೆಂದು ನಕ್ಕು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಮೊನ್ನೆ ಬೆಳಿಗ್ಗೆ ಅವಳು ತಲೆ ಸುತ್ತಿ ಬಿದ್ದದ್ದೂ ಇದೇ ತಿರುವಿನಲ್ಲಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಸತ್ತವಳನ್ನು ಆ ಸುತ್ತಿನ ನಾಲ್ಕು ಬೀದಿಗಳಲ್ಲಿ ಹುಟ್ಟುಹೆಸರು ಹಿಡಿದು ಕರೆದವರೇ ಇಲ್ಲ. ಮೆಡಿಕಲ್ ಕಾಲೇಜಿನವರು ನಡೆಸುತ್ತಿದ್ದ ರಕ್ತದೊತ್ತಡದ ಸಂಶೋಧನೆಗಾಗಿ ಇಪ್ಪತ್ತೆರಡು ವರ್ಷ ಮನೆಮನೆ ತಿರುಗಿ, ಜನರ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆದ ನರ್ಸು ಅವಳು. ಹಾಗಾಗಿ ಪಟ್ಟಿಯಕ್ಕ. ಅವಳೂ ಅವಳಂಥ ಇನ್ನು ಹನ್ನೊಂದು ನರ್ಸುಗಳೂ ಬರೆದು ತಂದ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಅರ್ಥ ತೆಗೆಯುವ ಕೆಲಸ ಲೆಕ್ಕದಮ್ಮನದು. ಆ ಅಡ್ಡಹೆಸರು ಕೊಟ್ಟವಳೂ ಪಟ್ಟಿಯಕ್ಕನೇ. ಈಗ ಲೆಕ್ಕದಮ್ಮ ಕಾಲೇಜಿನ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥೆ. ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕ, ಒಳಗೆ ತಿರುಗುವ ಕುರ್ಚಿ. ಎಲ್ಲವೂ ಆ ಸಂಶೋಧನೆಯ ದಯೆ.

ಪೆಟ್ಟಿಗೆ ಅಂತೂ ಅಂಗಳಕ್ಕೆ ಇಳಿಯಿತು. ಸ್ಮಶಾನದ ಗಾಡಿ ಬರುವುದು ಇನ್ನೂ ತಡ. ಪಟ್ಟಿಯಕ್ಕನ ಗಂಡ, ಕೆಳಗಿನ ಅಂಗಡಿಯ ದರ್ಜಿ, ಲೆಕ್ಕದಮ್ಮನನ್ನು ಕಣ್ಣಿನಲ್ಲೇ ಕರೆದು ಅಂಗಡಿಯೊಳಗೆ ಕೂರಿಸಿದ. ಹೊಲಿಗೆ ಮಿಶಿನ್ನಿನಲ್ಲಿ ಯಾರದೋ ಅಂಗಿಯ ತೋಳು ಅರ್ಧ ಹೊಲಿದು ನಿಂತಿತ್ತು.

"ಒಂದು ಮಾತು ಕೇಳ್ತೀನಿ. ಮುಖ ನೋಡಿ ಹೇಳಬೇಡಿ, ನಿಜ ಹೇಳಿ."

"ಕೇಳಿ ಭಾವ."

"ಮಾತ್ರೆ ಕೊಡ್ತಿದ್ದೋನು ನಾನು. ಹೋದ ವರ್ಷ ನಿಮ್ಮ ಕಾಲೇಜಿನ ಶಿಬಿರ ಬಂತಲ್ಲ, ಅಲ್ಲಿ ಅವಳಿಗೆ ನೂರೈವತ್ತು ಅಂದ್ರು. ಇವಳು ಮನೆಗೆ ಬಂದು ತಾನೇ ಅಳಕೊಂಡ್ಲು. ನೂರಹದಿನೆಂಟು. ಮಾರನೇ ದಿನ ನೂರಿಪ್ಪತ್ತೆರಡು. 'ನಂಗೇನೂ ಇಲ್ಲ ಕಣ್ರಿ' ಅಂದ್ಲು. ನಾನು ಬಿಡ್ಲಿಲ್ಲ. ನೂರನಲವತ್ತು ಮುಟ್ಟಿದ್ರೆ ಮಾತ್ರೆ ಶುರು ಅಂತ ನಿಮ್ಮ ಪುಸ್ತಕದಲ್ಲೇ ಇದೆ, ಆ ಪುಸ್ತಕಕ್ಕೆ ಅಳೆದು ಕೊಟ್ಟೋಳೇ ನೀನು, ನೀನೇ ನಂಬದಿದ್ರೆ ಊರು ನಂಬುತ್ತಾ ಅಂದೆ. ಆಮೇಲೆ ಸುಮ್ಮನಾದ್ಲು. 'ಹೌದು, ಅದ್ರಲ್ಲಿ ನನ್ನ ಅಳತೇನೂ ಇದೆ' ಅಂತ ನುಂಗಿದ್ಲು." ಅವನು ಮಿಶಿನ್ನಿನ ಚಕ್ರವನ್ನು ಸುಮ್ಮನೆ ಹಿಂದೆ ಮುಂದೆ ತಿರುಗಿಸಿದ. "ಕೊನೇ ತಿಂಗಳು ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ, ಬೇಡ ಅಂತಿದ್ಲು. ಮಗುವಿಗೆ ಕೊಟ್ಟ ಹಾಗೆ ಬಾಯಿಗೆ ಹಾಕಿ, ನೀರು ಕುಡಿಸಿ, ಬಾಯಿ ತೆಗಿ ತೋರಿಸು ಅಂತಿದ್ದೆ. ಹೇಳಿ, ನನ್ನ ಕೈಯಿಂದಲೇ ಹೋದ್ಲಾ?"

ಲೆಕ್ಕದಮ್ಮ "ಇಲ್ಲ ಭಾವ" ಎಂದಳು. ಅಷ್ಟು ಹೇಳಿದರೆ ಸಾಕಾಗುವಂತಿರಲಿಲ್ಲ. ಯಾರ ಕೈಯಿಂದ ಎನ್ನುವುದನ್ನೂ ಹೇಳಬೇಕಿತ್ತು. ಅಷ್ಟರಲ್ಲಿ ಹೊರಗೆ ಕಾರಿನ ಸದ್ದಾಯಿತು. "ದೊಡ್ಡ ಡಾಕ್ಟರು ಬಂದ್ರು," ಎಂದು ಯಾರೋ ಕುರ್ಚಿ ಎಳೆದರು. ದರ್ಜಿ ಕಣ್ಣೊರೆಸಿಕೊಂಡು ಎದ್ದ.

*

ಹದಿನೇಳು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಅಂಕಿ ಹುಟ್ಟುವ ಜಾಗ ನೋಡಿ ಬರುತ್ತೇನೆಂದು ಲೆಕ್ಕದಮ್ಮ ಪಟ್ಟಿಯಕ್ಕನ ಬೆನ್ನು ಹತ್ತಿದ್ದಳು.

ಪಟ್ಟಿಯಕ್ಕ ಒಂದು ಮನೆಗೆ ಹೋದಳೆಂದರೆ ಮೊದಲು ಟೀವಿ ಆರಿಸುತ್ತಿದ್ದಳು. ಆಮೇಲೆ ಮನೆಯವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲು ನೆಲಕ್ಕೆ ತಾಗಿಸಿ, ತೋಳು ಮೇಜಿನ ಮೇಲೆ ಇಡಿಸಿ, ತನ್ನ ಕೈಗಡಿಯಾರ ಬಿಚ್ಚಿ ಎದುರಿಗೆ ಇಡುತ್ತಿದ್ದಳು. ಐದು ನಿಮಿಷ. ಮಾತಿಲ್ಲ.

"ಏನಕ್ಕಾ, ಶಿಕ್ಷೆ ಕೊಟ್ಟ ಹಾಗಿದೆ," ಒಬ್ಬ ಗೊಣಗಿದ.

"ಮಾತಾಡಿದ್ರಾ? ಸರಿ, ಮತ್ತೆ ಐದು ನಿಮಿಷ."

ಪಾದರಸದ ಪೆಟ್ಟಿಗೆ ತೆರೆದು, ಗಾಳಿ ಊದಿ, ಬೆಕ್ಕು ನಡೆದ ಹಾಗೆ ಮೆಲ್ಲಗೆ ಗಾಳಿ ಬಿಟ್ಟು, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ನೋಡಿದಳು. ಬರೆದುಕೊಂಡಳು. ಮತ್ತೊಮ್ಮೆ ಊದಿ, ಮತ್ತೊಮ್ಮೆ ಬರೆದಳು. ನೂರಮೂವತ್ತಾರು. ನೂರಮೂವತ್ನಾಲ್ಕು.

"ಅಕ್ಕ, ದಿನಕ್ಕೆ ನಲವತ್ತು ಮನೆ ಮುಗಿಸಬೇಕು ಅಂತ ಆಫೀಸಿನ ಆಜ್ಞೆ. ನಿಮ್ಮದು ಹದಿನೆಂಟು ದಾಟೋದಿಲ್ಲವಂತೆ?" ಲೆಕ್ಕದಮ್ಮ ಕೇಳಿದಳು.

"ಗಡಿಯಾರ ನನ್ನ ಮಾತು ಕೇಳಲ್ಲವಲ್ಲ ತಾಯಿ," ಪಟ್ಟಿಯಕ್ಕ ನಕ್ಕಳು. "ಮೆಟ್ಟಿಲು ಹತ್ತಿ ಬಂದೋರಿಗೆ, ಸೊಸೆ ಜೊತೆ ಜಗಳ ಆಡಿದೋರಿಗೆ ತಕ್ಷಣ ಪಟ್ಟಿ ಕಟ್ಟಿದ್ರೆ ಏರದೆ ಇನ್ನೇನು? ಅದು ರೋಗ ಅಲ್ಲ, ಸೊಸೆ." ಪೆಟ್ಟಿಗೆ ಮುಚ್ಚುತ್ತ ದನಿ ತಗ್ಗಿಸಿದಳು. "ನಾ ಬರೆದ ಒಂದೊಂದು ಅಂಕಿ ನೋಡಿ ಯಾರಿಗೋ ಮಾತ್ರೆ ಬರೀತಾರಂತೆ. ಹೆಚ್ಚುಕಮ್ಮಿ ಬರೆದ್ರೆ ಆಗುತ್ತಾ ಕಣಮ್ಮ?"

*

ಕೊನೆಗೂ ಗಾಡಿ ಬಂತು. ಸ್ಮಶಾನ ಹತ್ತಿರವೇ ಇದ್ದುದರಿಂದ ಜನರೆಲ್ಲ ಹಿಂದೆಯೇ ನಡೆದರು. ಹನ್ನೊಂದು ನರ್ಸುಗಳಲ್ಲಿ ಏಳು ಜನ ಬಂದಿದ್ದರು. ಉಳಿದವರಿಗೆ ಮಂಡಿ ನೋವು. ಅವರ ಹಿಂದೆ ಇಪ್ಪತ್ತೆರಡು ವರ್ಷ ಪಟ್ಟಿಯಕ್ಕನಿಗೆ ತೋಳು ಕೊಟ್ಟ ಬೀದಿಯ ಮುದುಕ ಮುದುಕಿಯರು. ದೊಡ್ಡ ಡಾಕ್ಟರು, ಆ ಸಂಶೋಧನೆಯ ಒಡೆಯರು, ಎಲ್ಲರ ಜೊತೆ ನಡೆದು ಬಂದದ್ದನ್ನು ಜನ ಮೆಚ್ಚಿ ಮಾತಾಡಿಕೊಂಡರು.

ಲೆಕ್ಕದಮ್ಮ ಅವರ ಪಕ್ಕಕ್ಕೆ ಬಂದಳು. "ಸರ್, ಅವಳ ಗಂಡ ತನ್ನಿಂದಲೇ ಸತ್ತಳು ಅಂದ್ಕೊಂಡಿದ್ದಾನೆ. ನಾನು ಹೇಳ್ತೀನಿ."

"ಏನಂತ?"

"ಇದ್ದದ್ದನ್ನ."

ದೊಡ್ಡ ಡಾಕ್ಟರು ನಡಿಗೆ ನಿಧಾನ ಮಾಡಿದರು. ದನಿ ಮಾತ್ರ ಬದಲಾಗಲಿಲ್ಲ. "ನೋಡಮ್ಮ, ಬಿದ್ದು ಸತ್ತಿದ್ದಾಳೆ. ಮಾತ್ರೆಯಿಂದ ಅಂತ ಯಾರು ಸಾಬೀತು ಮಾಡಿದ್ದಾರೆ? ನೀನೇ ಪಾಠ ಮಾಡ್ತೀಯ, ಒಬ್ಬರಿಂದ ಏನೂ ಸಾಬೀತಾಗಲ್ಲ ಅಂತ."

"ಒಬ್ಬಳನ್ನ ತೆಗೆದು ಸಾಬೀತು ಮಾಡಿದ್ವಲ್ಲ ಸರ್."

"ತೆಗೆದೋಳು ನೀನು," ಎಂದರು ಅವರು, ಬಹಳ ಮೃದುವಾಗಿ. ಎದುರಿಗೆ ಬಂದ ಯಾರಿಗೋ ಕೈಮುಗಿದು ಮುಂದೆ ಹೋದರು.

*

ಅದೂ ನಿಜವೇ. ಹತ್ತು ವರ್ಷದ ಹಿಂದೆ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಹನ್ನೆರಡು ನರ್ಸುಗಳ ಅಂಕಿಗಳನ್ನು ಹೋಲಿಸಿದಾಗ ಹನ್ನೊಂದು ಜನರದು ಒಂದು ದಾರಿ, ಪಟ್ಟಿಯಕ್ಕನದೇ ಒಂದು ದಾರಿ. ಅವರ ಮನೆಗಳಲ್ಲಿ ಮೂವರಲ್ಲಿ ಒಬ್ಬರಿಗೆ ರೋಗ, ಇವಳ ಮನೆಗಳಲ್ಲಿ ಆರರಲ್ಲಿ ಒಬ್ಬರಿಗೆ.

"ಹನ್ನೊಂದು ಎತ್ತು ಏರಿಗೆ ಎಳೀತಿವೆ, ಇದೊಂದು ಕೋಣ ನೀರಿಗೆ ಎಳೀತಿದೆ," ದೊಡ್ಡ ಡಾಕ್ಟರು ನಕ್ಕಿದ್ದರು. "ಕಿವಿ ಮಂದ ಆಗಿರಬೇಕು ಪಾಪ. ತೆಗೆದುಬಿಡು."

ಲೆಕ್ಕದಮ್ಮ ತೆಗೆದಳು. ಕಂಪ್ಯೂಟರಿನಲ್ಲಿ ಅದು ಒಂದೇ ಸಾಲಿನ ಕೆಲಸ. ಪುಸ್ತಕದ ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, 'ಒಬ್ಬ ಮಾಪಕರ ಅಳತೆಗಳನ್ನು ಗುಣಮಟ್ಟದ ಕಾರಣದಿಂದ ಕೈಬಿಡಲಾಗಿದೆ' ಎಂದು ಬರೆದದ್ದೂ ಅವಳೇ. ಪುಸ್ತಕ ಹೆಸರು ಮಾಡಿತು. ನೂರನಲವತ್ತು ಮುಟ್ಟಿದವರಿಗೆಲ್ಲ, ಒಂದೇ ಸಲ ನೋಡಿ, ಮಾತ್ರೆ ಶುರು ಮಾಡಬೇಕೆಂದು ಅದರಲ್ಲಿದ್ದ ಸಲಹೆ ಆರೋಗ್ಯ ಇಲಾಖೆಯ ನಿಯಮವಾಯಿತು.

ಮರುವರ್ಷ ಒಂದು ಮಧ್ಯಾಹ್ನ ವಿದ್ಯಾರ್ಥಿಗಳಿಗೆ ತೋರಿಸಲೆಂದು ಅವಳು ಅದೇ ಅಳತೆಗಳ ಕೊನೆಯ ಅಂಕಿಯನ್ನಷ್ಟೇ ಎಣಿಸಿದಳು. ಪಾದರಸದ ಪೆಟ್ಟಿಗೆಯಲ್ಲಿ ಗೀಟುಗಳು ಎರಡೆರಡಕ್ಕೆ ಇರುತ್ತವೆ. ಕೊನೆಗೆ ಸೊನ್ನೆ, ಎರಡು, ನಾಲ್ಕು, ಆರು, ಎಂಟು, ಈ ಐದು ಅಂಕಿಗಳೂ ಸರಿಸುಮಾರು ಸಮವಾಗಿ ಬರಬೇಕು. ಪಟ್ಟಿಯಕ್ಕನದು ಹಾಗೇ ಬಂದಿತ್ತು. ಉಳಿದ ಹನ್ನೊಂದು ಜನರದು ಹತ್ತರಲ್ಲಿ ಎಂಟು ಸೊನ್ನೆ. ನೂರಮೂವತ್ತು, ನೂರನಲವತ್ತು, ನೂರೈವತ್ತು. ಪಾಪ, ದಿನಕ್ಕೆ ನಲವತ್ತು ಮನೆ. ಬಾಗಿಲಲ್ಲೇ ನಿಲ್ಲಿಸಿ ಪಟ್ಟಿ ಕಟ್ಟಿ, ಪಾದರಸ ನೂರಮೂವತ್ತಾರಕ್ಕೆ ನಿಂತರೆ ನೂರನಲವತ್ತೆಂದು ಗೀಚಿ ಓಡಿದ್ದರು. ನೂರಮೂವತ್ತಾರು ಆರೋಗ್ಯ, ನೂರನಲವತ್ತು ರೋಗ. ಇಡೀ ಸಂಶೋಧನೆಯಲ್ಲಿ ನೆಟ್ಟಗಿದ್ದದ್ದು ಒಂದೇ ಒಂದು ಅಳತೆ. ಅದನ್ನು ಹುಡುಕಿ ಹುಡುಕಿ ತೆಗೆದು ಎಸೆದಿದ್ದಳು.

ಕಾಗದ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಓಡಿದಳು. ಅವರು ಓದಿದರು, ಮಡಿಚಿದರು. "ಅಚ್ಚಾದ ಮೇಲೆ ಇದೆಲ್ಲ ಯಾಕೆ?" ಎಂದರು. ಅದೇ ತಿಂಗಳು ಅವಳ ಬಾಗಿಲಿಗೆ ಹಿತ್ತಾಳೆಯ ಫಲಕ ಬಂತು. ಬಿಸಿತುಪ್ಪ, ಉಗುಳಲಿಲ್ಲ.

ಪಟ್ಟಿಯಕ್ಕನನ್ನು ಕೆಲಸದಿಂದ ನಿಲ್ಲಿಸಲೂ ಇಲ್ಲ. ನಿಲ್ಲಿಸಿದರೆ ಯಾಕೆ ಎಂಬ ಪ್ರಶ್ನೆ ಏಳುತ್ತಿತ್ತು. ಇನ್ನೂ ಏಳು ವರ್ಷ ಅವಳು ಬಿಸಿಲಿನಲ್ಲಿ ಮೆಟ್ಟಿಲು ಹತ್ತಿದಳು. ತಿಂಗಳಿಗೊಮ್ಮೆ ನೋಟ್‌ಬುಕ್ಕು ತಂದು ಲೆಕ್ಕದಮ್ಮನ ಮೇಜಿನ ಮೇಲಿಟ್ಟು, "ಒಂದೂ ತಪ್ಪಿಲ್ಲ ತಾಯಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದಿದ್ದೀನಿ," ಎನ್ನುತ್ತಿದ್ದಳು. ಅವನ್ನೆಲ್ಲ ಟೈಪು ಮಾಡಿಸುತ್ತಿದ್ದರು. ಆ ಒಂದೇ ಸಾಲು ಅವನ್ನೂ ಕೈಬಿಡುತ್ತಿತ್ತು.

*

ಪೆಟ್ಟಿಗೆ ಗುಂಡಿಗೆ ಇಳಿದ ಮೇಲೆ ದೊಡ್ಡ ಡಾಕ್ಟರು ನಾಲ್ಕು ಮಾತು ಆಡಲೆಂದು ಎಲ್ಲರೂ ಬಯಸಿದರು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಈ ತಾಯಿ ಡಿಗ್ರಿ ಓದಿದೋರಲ್ಲ. ಆದ್ರೆ ನಮ್ಮ ಸಂಶೋಧನೆಯ ಬುನಾದಿ ಇವರು. ಆ ಪುಸ್ತಕದ ಒಂದೊಂದು ಪುಟದಲ್ಲೂ ಇವರ ಅಳತೆ ಇದೆ."

ದರ್ಜಿ ತಲೆ ಎತ್ತಿದ. ಅವನ ಮುಖದಲ್ಲಿ ಹೆಮ್ಮೆ ಮೂಡಿತು. ಅದರ ಬೆನ್ನಿಗೇ ಇನ್ನೊಂದು ಮೂಡಿದ್ದನ್ನು ಲೆಕ್ಕದಮ್ಮ ಕಂಡಳು. ಪುಸ್ತಕ ಸರಿ, ಅಳತೆ ಸರಿ, ಹಾಗಾದರೆ ತಪ್ಪಿದ್ದು ತನ್ನ ಕೈ ಮಾತ್ರ.

"ಇಲ್ಲ," ಎಂದಳು ಲೆಕ್ಕದಮ್ಮ.

ಜನ ತಿರುಗಿದರು.

"ಇಲ್ಲ ಭಾವ. ಅಕ್ಕನ ಅಳತೆ ಆ ಪುಸ್ತಕದಲ್ಲಿ ಒಂದೂ ಇಲ್ಲ. ಎಲ್ಲರಿಗಿಂತ ಬೇರೆ ಇತ್ತು ಅಂತ ತೆಗೆದು ಹಾಕಿದೆ. ನಾನೇ, ಈ ಕೈಯಲ್ಲೇ. ಆಮೇಲೆ ನೋಡಿದ್ರೆ ಅಕ್ಕ ಅಳೆದದ್ದೇ ಸರಿ, ಬಾಕಿ ಎಲ್ಲ ತಪ್ಪು. ಗೊತ್ತಾಗಿ ಒಂಬತ್ತು ವರ್ಷ ಆಯ್ತು. ಬಾಯಿ ಬಿಡಲಿಲ್ಲ. ಅಕ್ಕಂಗೆ ಆ ಮಾತ್ರೆ ಬೇಕಿರಲಿಲ್ಲ. ಮನೇಲಿ ತಾನೇ ಅಳೆದುಕೊಂಡಿದ್ಲಲ್ಲ, ಅದೇ ನಿಜ. ನೀವು ಕೊಟ್ಟದ್ದು ನಮ್ಮ ಮಾತು ನಂಬಿ."

"ದುಃಖದಲ್ಲಿ ಏನೇನೋ ಮಾತು ಬರುತ್ತೆ," ಎಂದರು ದೊಡ್ಡ ಡಾಕ್ಟರು ಸುತ್ತಲಿನವರಿಗೆ. ಕನ್ನಡಕ ಹಾಕಿಕೊಂಡು, ಮೀಟಿಂಗ್ ಇದೆಯೆಂದು ಯಾರಿಗೋ ಹೇಳಿ, ಗೇಟಿನತ್ತ ನಡೆದರು.

ದರ್ಜಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಒಂಬತ್ತು ವರ್ಷ," ಎಂದ. "ವಾರ ವಾರ ನಮ್ಮ ಮನೇಲಿ ಊಟ ಮಾಡಿದ್ರಿ ನೀವು."

"ಹೌದು ಭಾವ."

"ಭಾವ ಅನ್ನಬೇಡಿ."

ಗುಂಡಿಯವನು ಎರಡು ಗುದ್ದಲಿ ಮಣ್ಣು ಎಳೆದ. ದರ್ಜಿ ಜೇಬಿಗೆ ಕೈ ಹಾಕಿ ಒಂದು ಮಾತ್ರೆ ಶೀಟು ತೆಗೆದ. "ಇದು ನಂದು. ಅದೇ ಶಿಬಿರದಲ್ಲಿ ನಂಗೂ ನೂರನಲವತ್ತು ಅಂದ್ರು. ಇದನ್ನ ನುಂಗಲಾ, ಬಿಡಲಾ?"

"ನಾನು ಡಾಕ್ಟರಲ್ಲ…"

"ತೆಗೆಯೋವಾಗ ಡಾಕ್ಟರಾಗಿದ್ರಾ?"

"ನಂದೂ ಇದೆ ನೋಡಮ್ಮ," ಮೂರನೇ ಮಹಡಿಯ ಅಜ್ಜಿ ಸೊಂಟದ ಚೀಲ ಬಿಚ್ಚಿದಳು. "ಆರು ವರ್ಷದಿಂದ ದಿನಾ ಎರಡು." ಅವಳ ಹಿಂದಿನ ಮುದುಕ ಅಂಗಿಯ ಜೇಬು ತಡಕಿದ. ಅವನ ಹೆಂಡತಿ ಪರ್ಸು ತೆಗೆದಳು. ಒಂದೊಂದೇ ಕೈ ಮುಂದೆ ಬಂತು.

"ಏಕಾಏಕಿ ಯಾರೂ ಬಿಡಬೇಡಿ," ಎಂದಳು ಲೆಕ್ಕದಮ್ಮ. "ಕೆಲವರಿಗೆ ನಿಜವಾಗ್ಲೂ ಬೇಕಿರಬಹುದು. ಯಾರಿಗೆ ಅಂತ ನಂಗೊತ್ತಿಲ್ಲ. ಮೊದಲು ಎಲ್ಲರದ್ದೂ ಮತ್ತೆ ಅಳೆಸಬೇಕು. ಸರಿಯಾಗಿ."

"ಯಾರ ಹತ್ರ?" ಅಜ್ಜಿ ಕೇಳಿದಳು.

ಜನ ನರ್ಸುಗಳ ಕಡೆ ನೋಡಿದರು. ಏಳು ಜನವೂ ಮಣ್ಣಿನ ಗುಡ್ಡೆ ನೋಡುತ್ತಿದ್ದರು; ಅವರಲ್ಲಿ ಹಿರಿಯವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಗೇಟಿನಾಚೆ ಕಾರು ಹೊರಟ ಸದ್ದು ಕೇಳಿತು.

"ಮುಚ್ಚಲಾ ಸ್ವಾಮಿ?" ಗುಂಡಿಯವನು ಗುದ್ದಲಿ ಎತ್ತಿ ಹಿಡಿದು ಕೇಳಿದ.

ಇನ್ನೂ ಮುಚ್ಚದ ಗುಂಡಿಯ ಸುತ್ತ ಚರ್ಮ ಸುಕ್ಕುಗಟ್ಟಿದ ತೋಳುಗಳು ಚಾಚಿಕೊಂಡೇ ಇದ್ದವು, ಹತ್ತು, ಹನ್ನೆರಡು, ಹದಿನೈದು. ಅಂಗೈಗಳಲ್ಲಿ ಮಾತ್ರೆ ಶೀಟುಗಳು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು.