ಬರ್ತೀನಿ ಅಂದರೆ ಎಲ್ಲಿಗೆ

ಬೆಂಚು ಅಲುಗುತ್ತಿದೆ, ಪಕ್ಕದಲ್ಲಿ ಕೂತ ಹುಡುಗಿ ಕಾಲು ಕುಣಿಸುತ್ತಿದ್ದಾಳೆ, ಹದಿನೆಂಟು ತುಂಬಿರಬಹುದು, ಉಗುರಿಗೆಲ್ಲ ನೀಲಿ ಬಣ್ಣ, ದನಿಯಿಲ್ಲದೆ ತುಟಿ ಮಾತ್ರ ಆಡುತ್ತಿದೆ, ಮೈ ನೇಮ್ ಈಸ್ ಮೈ ನೇಮ್ ಈಸ್, ತನ್ನ ಹೆಸರನ್ನೇ ಬಾಯಿಪಾಠ ಮಾಡುತ್ತಿದೆ ಪಾಪ, ಇವಳಿಗೇ ಇಷ್ಟು ಹೆದರಿಕೆ ಅಂದಮೇಲೆ ನನ್ನದೇನು ಹೆಚ್ಚಲ್ಲ, ಆದರೆ ಇವಳದು ಬರೀ ಹೆದರಿಕೆ, ನನ್ನದರಲ್ಲಿ ಸಿಟ್ಟೂ ಸೇರಿದೆ — ಒಳಗಿರುವುದು ಹದಿನೈದನೇ ನಂಬರು, ಇವಳು ಹದಿನಾರು, ಹದಿನೇಳು ನಾನು. ಬಾಗಿಲಿಗೆ ಕಾಗದ ಅಂಟಿಸಿದ್ದಾರೆ, ಇಂಗ್ಲಿಷ್ ಮಾತಿನ ಪರೀಕ್ಷೆ, ಸದ್ದು ಮಾಡಬೇಡಿ ಅಂತ, ಅದನ್ನು ಮಾತ್ರ ನಮ್ಮ ಭಾಷೆಯಲ್ಲೇ ಬರೆದಿದ್ದಾರೆ, ಸುಮ್ಮನಿರಿ ಅನ್ನುವುದಾದರೆ ನಮ್ಮ ಭಾಷೆ ಸಾಕು, ಬಾಯಿ ಬಿಡಿ ಅನ್ನುವುದಾದರೆ ಬೇರೆಯದು ಬೇಕು, ನಗು ಬರುತ್ತೆ, ನಗಬಾರದು. ನಲವತ್ತೆರಡು ವಯಸ್ಸು ನನಗೆ, ಹದಿನೇಳು ವರ್ಷದಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ, ಬೆಳಗ್ಗೆ ಏಳಕ್ಕೆ ಕಾಲೇಜು, ಹತ್ತೂವರೆಗೆ ಇಸ್ತ್ರಿಯ ಮುಂದೆ, ಮೂರು ವರ್ಷ ಹೀಗೇ ಓಡಿದ್ದೇನೆ, ಇತಿಹಾಸ ಪಾಸು, ಅರ್ಥಶಾಸ್ತ್ರ ಪಾಸು, ಬರೆಯುವ ಇಂಗ್ಲಿಷೂ ಪಾಸು, ಉಳಿದಿರುವುದು ಈ ಹತ್ತು ನಿಮಿಷದ ಮಾತು. ಬಟ್ಟೆ ಉಗ್ರಾಣದ ಅಮ್ಮ ಬರುವ ತಿಂಗಳು ನಿವೃತ್ತಿಯಾಗುತ್ತಾರೆ, ಆ ಕುರ್ಚಿಗೆ ಪದವಿ ಬೇಕಂತೆ, ಬೆಡ್‌ಶೀಟ್ ಎಣಿಸೋಕೆ ಪದವಿ ಯಾಕೆ ಅಂತ ಕೇಳಿದರೆ ನಿಯಮ ಅಂತಾರೆ, ಸರಿ, ನಿಯಮ. ಇವತ್ತು ಆಗದಿದ್ದರೆ ಮುಂದಿನ ವರ್ಷ, ಅಷ್ಟರಲ್ಲಿ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ, ನಾನು ಹಬೆಯಲ್ಲೇ ಬೇಯುತ್ತಿರುತ್ತೇನೆ, ಈ ಎಡಗೈ ಮಣಿಕಟ್ಟು ನೋಡು, ಗಡಿಯಾರ ಕಟ್ಟುವ ಜಾಗದಲ್ಲೇ ಸುಟ್ಟ ಗುರುತು, ಪಟ್ಟಿ ಕಟ್ಟಿದ ಹಾಗೆ ಸುತ್ತಲೂ —

ಒಂದೇ ಒಂದು ಅಂಕ. ಆರು ತಿಂಗಳ ಹಿಂದೆ ಇದೇ ಕೋಣೆ, ಕೂತಿದ್ದವರು ಟೈ ಮೇಷ್ಟ್ರು, ಬೆವರು ಕಿತ್ತುಕೊಂಡು ಬರುವ ಸೆಕೆಯಲ್ಲೂ ಕುತ್ತಿಗೆಗೆ ಟೈ ಬಿಗಿಯುವುದರಿಂದ ಆ ಹೆಸರು, ಚಿತ್ರ ತೋರಿಸಿದರು, ಹೇಳಿದೆ, ಪ್ರಶ್ನೆ ಕೇಳಿದರು, ತಡವರಿಸಿದರೂ ಹೇಳಿದೆ, ಕೊನೆಗೆ ವಿದಾಯ, ಅದಕ್ಕೆ ಎರಡು ಅಂಕ, ಪೂರ್ತಿ ವಾಕ್ಯದಲ್ಲಿ ಹೇಳಿ ಹೊರಡಬೇಕು. ಎದ್ದು ನಿಂತೆ, ಮುಗಿಯಿತಲ್ಲ ಅನ್ನುವ ಸಮಾಧಾನದಲ್ಲಿ ಬಾಯಿ ತಾನಾಗಿ ಆಡಿಬಿಟ್ಟಿತು, ಥ್ಯಾಂಕ್ಯೂ ಸರ್, ಐ ವಿಲ್ ಕಮ್. ಕಮ್? ವೇರ್? ಎಲ್ಲಿಗಮ್ಮಾ ಬರ್ತೀಯ, ನಮ್ಮನೆಗಾ? ಬರೋದಾದ್ರೆ ಮೊದ್ಲೇ ಹೇಳು ತಾಯಿ, ಮನೇಲಿ ಒಂದು ಮಾತು ಕೇಳ್ಬೇಕಲ್ಲ ನಾನು. ಸರದಿಯ ಮುಂದಿನ ಇಬ್ಬರನ್ನು ಒಳಗೇ ಕೂರಿಸಿದ್ದರು, ಅವರು ಕಿಸಕ್ಕೆಂದರು, ಸಂಜೆಯೊಳಗೆ ಇಡೀ ಕಾಲೇಜಿಗೆ ನಾನು ಕಮಿಂಗ್ ಆಂಟಿ, ಮೆಟ್ಟಿಲ ಮೇಲೆ ಎದುರಾದವರೆಲ್ಲ ಆಂಟೀ, ಆರ್ ಯು ಕಮಿಂಗ್, ಅನ್ನುವವರೇ. ವಿದಾಯಕ್ಕೆ ಸೊನ್ನೆ, ಒಂದು ಅಂಕಕ್ಕೆ ನಪಾಸು. ಅಲ್ಲಾ, ನಾನು ಹೇಳಿದ್ದರಲ್ಲಿ ತಪ್ಪೇನು, ಹೊರಡುವವರು ಬರ್ತೀನಿ ಅನ್ನದೆ ಇನ್ನೇನು ಅಂತಾರೆ, ಚಿಕ್ಕವಳಿದ್ದಾಗ ಒಂದು ಸಲ ಹೋಗ್ತೀನಮ್ಮ ಅಂದಿದ್ದಕ್ಕೆ ಅಮ್ಮ ತಲೆಗೆ ಮೊಟಕಿದ್ದಳು, ಹೋಗ್ತೀನಿ ಅನ್ಬಾರ್ದು ಕಣೇ, ಬಾಯಲ್ಲಿ ಒಳ್ಳೇದು ಬರ್ಲಿ, ಬರ್ತೀನಿ ಅನ್ನು. ಕೆಲಸದ ಜಾಗದಲ್ಲೂ ಅಷ್ಟೇ, ನನ್ನ ಜೋಡಿಯಾಗಿ ಬೆಡ್‌ಶೀಟ್ ಮಡಚುವ ದೊಡ್ಡಕ್ಕ, ಪಾಳಿ ಮುಗಿಸಿ ಹೊರಡುವಾಗ ಒಗೆಯುವ ಯಂತ್ರಕ್ಕೂ ಬರ್ತೀನಪ್ಪಾ ಅಂದೇ ಹೊರಡುತ್ತಾಳೆ, ಹೋಗ್ತೀನಿ ಅಂದ್ರೆ ನಾಳೆ ಕೆಟ್ಟು ಕೂರುತ್ತೆ ಕಣೇ ಮುಂಡೇದು, ಅದಕ್ಕೂ ರೋಷ ಇರುತ್ತೆ.

ಮಗಳು ಆರು ತಿಂಗಳಿಂದ ಬೆನ್ನು ಬಿದ್ದಿದ್ದಾಳೆ, ನಾನು ತರಕಾರಿ ಹೆಚ್ಚುವಾಗ ಬಾಚಣಿಗೆಯನ್ನು ಮೈಕಿನ ಹಾಗೆ ಮೂತಿಗೆ ಹಿಡಿಯುತ್ತಾಳೆ, ಹದಿನೇಳು ವರ್ಷದ ನನ್ನ ಮೇಷ್ಟ್ರು, ಅಮ್ಮಾ ಹೇಳು, ಥ್ಯಾಂಕ್ಯೂ ಮೇಡಂ, ಐ ಮಸ್ಟ್ ಗೋ ನೌ, ಗುಡ್ ಬೈ. ಬೈ ಅಂದರೆ ನಮ್ಮಲ್ಲಿ ಬಯ್ಯುವುದು ಕಣೇ, ಗುಡ್ ಬೈ ಅಂದರೆ ಚೆನ್ನಾಗಿ ಬಯ್ಯಿ ಅಂತ, ಅದಾದ್ರೆ ನಂಗೆ ನೂರಕ್ಕೆ ನೂರು. ತಮಾಷೆ ಸಾಕಮ್ಮ, ಗುಡ್ ಬೈ ಒಂದೇ ಅಂದ್ರೆ ಒಂದೂ ಅಂಕ ಕೊಡಲ್ಲ, ಪೂರ್ತಿ ಹೇಳು, ಐ ಮಸ್ಟ್ — ಐ ಮಸ್ಟ್ — ಹ್ಞಾಂ, ಗೋ. ಐ ಮಸ್ಟ್ — ಅಲ್ಲಿಗೆ ನಾಲಗೆ ಕಚ್ಚಿಕೊಂಡು ನಿಲ್ಲುತ್ತೆ. ಅಮ್ಮಾ, ಇಷ್ಟುದ್ದ ಪುಸ್ತಕ ಓದಿ ಪಾಸಾಗ್ತೀಯ, ಗೋ ಅನ್ನೋಕೆ ನಿಂಗೇನು ರೋಗ? ನಿನಗೆ ಹೇಗೆ ಹೇಳಲಿ ಪುಟ್ಟಾ, ಆ ಪದ ಬಾಯಿಗೆ ಬಂದ ತಕ್ಷಣ ಕಣ್ಣಿಗೆ ಒಂದು ಕೈ ಬರುತ್ತೆ, ಚಿಲಕದ ಮೇಲೆ ಕೈ, ಕೈಗೆ ಗಡಿಯಾರ. ರಜಾದಿನ ಅವತ್ತು, ರಜಾದಿನ ನಿನ್ನಪ್ಪ ಗಡಿಯಾರ ಕಟ್ಟುತ್ತಿರಲಿಲ್ಲ, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಜಗಳವಿಲ್ಲ, ಒಂದು ಗಟ್ಟಿ ಮಾತಿಲ್ಲ, ಚಿಲಕದ ಮೇಲೆ ಕೈಯಿಟ್ಟು ಹೋಗ್ತೀನಿ ಅಂದರು. ಬಾಯಿ ತಪ್ಪಿತು ಅಂದುಕೊಂಡೆ, ಹಾಲಿನ ಪಾತ್ರೆ ಇಳಿಸುತ್ತ ಒಳಗಿಂದಲೇ ತಿದ್ದಿದೆ, ಬರ್ತೀನಿ ಅನ್ನಿ. ಅನ್ನಲಿಲ್ಲ. ಹದಿಮೂರು ವರ್ಷ ಆಯಿತು. ಅವರ ಬಾಯಿ ತಪ್ಪಿರಲಿಲ್ಲ, ಸರಿಯಾಗಿಯೇ ಹೇಳಿದ್ದರು, ವ್ಯಾಕರಣ ಶುದ್ಧವಾಗಿತ್ತು, ಟೈ ಮೇಷ್ಟ್ರು ಇದ್ದಿದ್ದರೆ ಎರಡಕ್ಕೆ ಎರಡು ಕೊಟ್ಟು ಕಳಿಸುತ್ತಿದ್ದರು. ನಿನಗೆ ನಾಲ್ಕು ವರ್ಷ, ಎದ್ದು ಕಣ್ಣುಜ್ಜುತ್ತ ನೀನು ಕೇಳಿದೆ, ಅಪ್ಪ ಬರ್ತೀನಿ ಅಂದ್ರಾ? ಅಂದ್ರು ಪುಟ್ಟಾ, ಅಂದೆ. ನಿನಗೆ ನಾನು ಹೇಳಿದ ಒಂದೇ ಒಂದು ಸುಳ್ಳು, ಅದನ್ನು ನಂಬಿಕೊಂಡು ಬಾಗಿಲ ಕಾಲೊರಸಿನ ಮೇಲೆ ಎಷ್ಟು ಸಂಜೆ ಕೂತಿದ್ದೀಯ, ಈಗ ನೀನೇ ಬಾಚಣಿಗೆ ಹಿಡಿದು ಗೋ ಅನ್ನು ಗೋ ಅನ್ನು ಅಂತೀಯ —

ಬಾಗಿಲು ತೆರೆಯಿತು, ಹದಿನೈದು ಅಲ್ಲ, ಟೈ ಮೇಷ್ಟ್ರು, ಬೆಳಗಿನಿಂದ ಕೂತಿದ್ದವರು ಈಗ ಎದ್ದು ಬಂದರು, ಉಳಿದವರನ್ನು ಹೊರಗಿನಿಂದ ಬಂದ ಮೇಡಂ ಒಬ್ಬರೇ ನೋಡಿಕೊಳ್ಳುತ್ತಾರಂತೆ, ನನ್ನತ್ತ ನೋಡಿದರು, ಗುರುತು ಸಿಕ್ಕಿತು, ಮೀಸೆಯಡಿ ನಗು, ಓಹೋ ಬಂದ್ಯಾ, ಅಂತೂ ಹೇಳಿದ ಮಾತು ಉಳಿಸ್ಕೊಂಡೆ ಬಿಡಮ್ಮ. ಟೈ ಸಡಿಲಿಸುತ್ತ ಚೀಲ ಹೆಗಲಿಗೇರಿಸಿದರು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಜವಾನರ ಕಡೆ ಕೈಯೆತ್ತಿ, ಏನಂದರು ಈಗ, ಬರ್ತೀನಪ್ಪಾ, ಅಂದರು. ಬರ್ತೀನಪ್ಪಾ! ನಾನು ಕಿವಿಯಾರೆ ಕೇಳಿದೆ. ಹೂಂ ಬನ್ನಿ ಸಾರ್, ಅಂದರು ಜವಾನರು. ಎಲ್ಲಿಗೆ ಸ್ವಾಮೀ? ಎಲ್ಲಿಗೆ ಬರ್ತೀರಿ, ಅವರ ಮನೆಗಾ, ಮೊದಲೇ ಹೇಳಿದ್ದೀರಾ? ಎದ್ದು ನಿಂತು ಕೇಳಬೇಕು, ಇಡೀ ಪಡಸಾಲೆ ಕೇಳುವ ಹಾಗೆ ಕೇಳಬೇಕು, ಅವರಾಗಲೇ ಮೆಟ್ಟಿಲು ಇಳಿಯುತ್ತಿದ್ದಾರೆ, ಬಾಯಿತುಂಬ ನಮ್ಮಮ್ಮ ಕಲಿಸಿದ ಮಾತು ಇಟ್ಟುಕೊಂಡು, ಅದಕ್ಕೇ ನನಗೆ ಸೊನ್ನೆ ಕೊಟ್ಟ ಮನುಷ್ಯ, ಅದೇ ಮಾತನ್ನು ಪುಕ್ಕಟೆಯಾಗಿ ಆಡಿಕೊಂಡು ಮನೆಗೆ ಹೋಗುತ್ತಿದ್ದಾನೆ, ಹೋಗುತ್ತಿದ್ದಾನೆ ನೋಡು, ಬರ್ತೀನಿ ಅಂದವನು —

ಹದಿನೇಳು. ನೀಲಿ ಉಗುರಿನವಳು ಯಾವಾಗ ಒಳಗೆ ಹೋದಳು, ಯಾವಾಗ ಹೊರಗೆ ಬಂದಳು, ಹೋಗಿ ಆಂಟಿ, ಮೇಡಂ ಒಳ್ಳೆಯವ್ರು, ಅಂತ ಭುಜ ಮುಟ್ಟಿದಳು, ಮಗುವೇ, ನಿನ್ನ ಹೊಟ್ಟೆ ತಣ್ಣಗಿರಲಿ. ಮೇಡಂ ಬಾಗಿಲು ಹಾಕಿಕೊಳ್ಳಿ ಅಂತ ಸನ್ನೆ ಮಾಡಿದರು, ಚಿಲಕ ಹಾಕಿದೆ, ಕೂತೆ, ನಿಮ್ಮ ಕೆಲಸದ ಬಗ್ಗೆ ಹೇಳಿ ಅಂತ ಇಂಗ್ಲಿಷಿನಲ್ಲಿ ಕೇಳಿದರು, ಅದಾ, ಅದು ನಾಲಗೆಯಲ್ಲಿಲ್ಲ ಮೇಡಂ, ಕೈಯಲ್ಲಿದೆ, ಮಡಚಿ ತೋರಿಸಿಯೇಬಿಟ್ಟೆ ಗಾಳಿಯಲ್ಲಿ, ಟೂ ಪೀಪಲ್, ಫೋರ್ ಕಾರ್ನರ್ಸ್, ವನ್ ಬೆಡ್‌ಶೀಟ್, ಶೀ ಕಮ್ಸ್, ಐ ಕಮ್, ವೀ ಮೀಟ್, ಅಂಚಿಗೆ ಅಂಚು, ದೊಡ್ಡಕ್ಕನ ಬೆರಳಿಗೆ ನನ್ನ ಬೆರಳು, ಮತ್ತೆ ಹಿಂದೆ, ಮತ್ತೆ ಬಾ, ಹದಿನೇಳು ವರ್ಷ ಹೀಗೆ ಎದುರುಬದುರು ನಡೆದಿದ್ದೇವೆ, ನೋಬಡಿ ಗೋಸ್ ಮೇಡಂ, ಅಂದೆ, ಮೇಡಂ ನಕ್ಕರು, ಆ ನಗು ಬೇರೆ, ತಲೆದೂಗಿ ಏನೋ ಬರೆದುಕೊಂಡರು. ಈಗ ವಿದಾಯ ಹೇಳಿ, ಪೂರ್ತಿ ವಾಕ್ಯದಲ್ಲಿ. ಎರಡು ಅಂಕ, ಆ ಕುರ್ಚಿ, ಮಗಳ ಬಾಚಣಿಗೆ. ಎದ್ದೆ, ಬಾಗಿಲ ತನಕ ನಡೆದೆ, ಥ್ಯಾಂಕ್ಯೂ ಮೇಡಂ, ಐ ಮಸ್ಟ್ — ಹೇಳೇ, ಒಂದೇ ಪದ, ಅರ್ಧ ಉಸಿರು ಸಾಕು, ಐ ಮಸ್ಟ್ — ಕಾಲೊರಸಿನ ಮೇಲೆ ಕೂತು ಪುಟ್ಟ ನೋಡುತ್ತಿದೆ, ಅಮ್ಮಾ, ಅಪ್ಪ ಏನಂದ್ರು, ಏನಂದ್ರು — ಐ ವಿಲ್ ಕಮ್, ಮೇಡಂ. ಗಟ್ಟಿಯಾಗಿ ಅಂದೆ, ಬಾಯಿ ತಪ್ಪಲಿಲ್ಲ, ಬೇಕೆಂದೇ ಅಂದೆ. ಹಿಂದೆ ಪೆನ್ನಿನ ಸದ್ದಿಲ್ಲ, ನಗುವಿನ ಸದ್ದೂ ಇಲ್ಲ, ತಿರುಗಿ ನೋಡಬೇಕು, ನೋಡಲಾರೆ, ಕಣ್ಣೆದುರು ಚಿಲಕ, ಚಿಲಕದ ಮೇಲೆ ಕೈ, ಮಣಿಕಟ್ಟಿನ ಸುತ್ತ ಸುಟ್ಟ ಪಟ್ಟಿ, ಗಡಿಯಾರವಿಲ್ಲ, ಗಡಿಯಾರವಿಲ್ಲದ ಕೈ, ಚಿಲಕದ ಮೇಲೆ ಕೈ —